ಅಕ್ಕನ ಕೈ ತಪ್ಪಿರಲಿಲ್ಲ

ನಮ್ಮ ಅಕ್ಕ ಸುಶೀಲೆ ಏನನ್ನು ಸುರಿದರೂ ಶಬ್ದ ಬರುತ್ತಿರಲಿಲ್ಲ. ಮಜ್ಜಿಗೆಯಾಗಲಿ ಕಾಫಿಯಾಗಲಿ, ಲೋಟದ ಒಳಗೋಡೆಗೆ ತಾಗಿಸಿ ಮೆಲ್ಲಗೆ ಇಳಿಸುತ್ತಿದ್ದಳು. ಅಮ್ಮ ಮಾತ್ರ, "ಹೊಟ್ಟೆ ಹಸಿದೋರಿಗೆ ಹೀಗೆ ಬಡಿಸಿದ್ರೆ ಊಟ ಸಿಗೋದು ನಾಳೆ ಬೆಳಿಗ್ಗೆ" ಎಂದು ಬೈಯುತ್ತಿದ್ದಳು. ಅಕ್ಕನಿಗೆ ತನ್ನ ಆ ಕೈಯ ಮೇಲೆ ಇದ್ದ ನಂಬಿಕೆ ಬೇರೆ ಯಾವುದರ ಮೇಲೂ ಇರಲಿಲ್ಲ. ಆ ನಂಬಿಕೆ ಹೋದದ್ದು ನನ್ನಿಂದ. ನಾನು ಒಂದು ಮಾತು ಹೇಳಿದ್ದರೆ ಅದು ಅದೇ ದಿನ ವಾಪಸ್ಸು ಬರುತ್ತಿತ್ತು. ನಾನು ಹೇಳಲಿಲ್ಲ.

ನಾನು ಓದಿದವನಲ್ಲ. ಏಳನೇ ಕ್ಲಾಸಿನಲ್ಲಿ ಎರಡು ಸಲ ಕೂತು ಎದ್ದು ಬಂದೆ. ಹನುಮಂತನಗರದಲ್ಲಿ ಗುಡ್ಡದ ದೇವಸ್ಥಾನದ ಕೆಳಗೆ ನಮ್ಮ ಮನೆ. ಅಲ್ಲೇ ಹತ್ತಿರದ ಒಂದು ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ ಕೆಲಸ. ಸೈಕಲ್ಲಿನ ಹಿಂದೆ ಮರದ ಡಬ್ಬ ಕಟ್ಟಿಕೊಂಡು ಬಸವನಗುಡಿ, ಜಯನಗರ ಸುತ್ತಿ ಮಾರುತ್ತಿದ್ದೆ. ಅಕ್ಕ ಎಂ.ಎಸ್ಸಿ. ಮಾಡಿ ಜಯನಗರದ ಒಂದು ಪ್ರಯೋಗಾಲಯಕ್ಕೆ ಸೇರಿದ್ದಳು. ಒಂದೇ ಮನೆಯಲ್ಲಿ ಇಬ್ಬರದೂ ತಣ್ಣನೆಯ ಕಸುಬು. ಅವಳು ಕೆಲಸ ಮಾಡುವ ಕೋಣೆ ಎಷ್ಟು ತಣ್ಣಗಿರುತ್ತಿತ್ತೆಂದರೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಸ್ವೆಟರ್ ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋಗುತ್ತಿದ್ದಳು. ಎದುರು ಮನೆಯ ಪದ್ಮಮ್ಮ, "ಏನ್ರೀ, ನಿಮ್ಮ ಹುಡುಗಿಗೆ ಮೈ ಸರಿ ಇದೆ ತಾನೇ?" ಎಂದು ಅಮ್ಮನನ್ನು ಕೇಳಿದ್ದರು.

ಅವಳ ಕೆಲಸವೇನೆಂದು ನನಗೆ ಅರ್ಥ ಮಾಡಿಸಿದ್ದು ಸಿಟಿ ಬಸ್ಸಿನಲ್ಲಿ. ಇಬ್ಬರೂ ನಿಂತುಕೊಂಡು ಹೋಗುತ್ತಿದ್ದೆವು.

"ನೋಡೋ ನಾಗ, ಈ ಕಂಬಿ ಇದ್ಯಲ್ಲ, ಇದು ಕ್ಯಾನ್ಸರ್ ಕೋಶದ ಮೈಮೇಲಿರೋ ಪ್ರೋಟೀನು ಅನ್ಕೋ. ಹತ್ತೋ ಜನ ನಮ್ಮ ಔಷಧ. ಡ್ರೈವರ್ರು ಗಕ್ಕಂತ ಬ್ರೇಕ್ ಹಾಕಿದಾಗ್ಲೂ ಕಂಬಿ ಬಿಡದೆ ಯಾರು ನಿಂತಿರ್ತಾರೆ, ಅವರೆಷ್ಟು ಜನ ಅಂತ ನೋಡೋದು ನನ್ನ ಕೆಲಸ."

"ಹಾಗಾದ್ರೆ ಕಂಡಕ್ಟರ್ ಕೆಲಸ ಅನ್ನು."

"ಹೂಂ. ಚಿಲ್ಲರೆ ಕೇಳದ ಕಂಡಕ್ಟರ್."

ಔಷಧಕ್ಕೆ ವಿಕಿರಣದ ಸಣ್ಣ ಗುರುತೊಂದನ್ನು ಅಂಟಿಸಿ, ಕೋಶಗಳ ಜೊತೆ ಬೆರೆಸಿ, ಆಮೇಲೆ ತಣ್ಣಗಿನ ದ್ರಾವಣದಲ್ಲಿ ತೊಳೆಯುತ್ತಿದ್ದರು. ತೊಳೆದ ಮೇಲೂ ಎಷ್ಟು ಅಂಟಿಕೊಂಡಿದೆ ಎಂದು ಯಂತ್ರ ಎಣಿಸಿ ಹೇಳುತ್ತಿತ್ತು. ಬಿಗಿಯಾಗಿ ಹಿಡಿದುಕೊಂಡ ಔಷಧ ಮುಂದಿನ ಪರೀಕ್ಷೆಗೆ, ಜಾರಿದ್ದು ಮೂಲೆಗೆ. ಎಲ್ಲವೂ ಐಸ್ ಮೇಲೆಯೇ ಆಗಬೇಕು. ಬೆಚ್ಚಗಾದರೆ ಕೋಶ ಔಷಧವನ್ನು ಒಳಗೇ ನುಂಗಿಬಿಡುತ್ತದೆ, ಆಮೇಲೆ ಹೊರಗೆ ಎಷ್ಟು ಅಂಟಿತ್ತೆಂದು ತಿಳಿಯುವುದಿಲ್ಲ. ಕೋಶಗಳಿಗೆ ಪೆಟ್ಟೂ ಆಗಬಾರದು. ಜೋರಾಗಿ ಸುರಿದರೆ, ಬೇರ್ಪಡಿಸುವ ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಒಡೆಯುತ್ತವೆ. ಅಡುಗೆಮನೆಯಲ್ಲಿ ಅವಳು ಮಜ್ಜಿಗೆ ಸುರಿಯುವ ಪರಿ ಎಲ್ಲಿಂದ ಬಂತೆಂದು ಆವತ್ತು ತಿಳಿಯಿತು.

ಅವಳ ಪ್ರಯೋಗಾಲಯದ ಕೆಮಿಸ್ಟರು ಮಾಡಿದ ಒಂದು ಹೊಸ ಔಷಧ ಅಲ್ಲೇ ಬೆಳೆಸಿದ ಕೋಶಗಳನ್ನು ಚೆನ್ನಾಗಿ ಹಿಡಿದುಕೊಂಡಿತ್ತು. ರೋಗಿಯ ಮೈಯಿಂದಲೇ ಬಂದ ಕೋಶಗಳನ್ನು ಹಿಡಿಯುತ್ತದೆಯೋ ಇಲ್ಲವೋ ನೋಡಬೇಕಿತ್ತು. ಆಸ್ಪತ್ರೆಯಲ್ಲಿ ಕನಕಪುರದ ಕಡೆಯ ಒಬ್ಬ ಹೆಂಗಸಿದ್ದರು. ಅವರ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತಿದ್ದ ನೀರನ್ನು, ಉಸಿರಾಡಲು ಆರಾಮವಾಗಲೆಂದು, ಡಾಕ್ಟರು ತೆಗೆಯುತ್ತಿದ್ದರು. ಆ ನೀರಿನಲ್ಲಿ ಅಕ್ಕನಿಗೆ ಬೇಕಾದ ಕೋಶಗಳಿದ್ದವು. ಅಕ್ಕ ಕೇಳಿದಾಗ ಆಯಮ್ಮ, "ಚೆಲ್ಲೋ ನೀರು ತಾನೇ ಕಣವ್ವ, ತಗೋ. ನಂಗಲ್ದಿದ್ರೂ ಇನ್ಯಾವಳಿಗಾದ್ರೂ ಆಗ್ಲಿ" ಎಂದರಂತೆ. ಅದನ್ನು ನಮಗೆ ಹೇಳುವಾಗ ಅಕ್ಕ ತಟ್ಟೆಯ ಮುಂದೆ ಊಟ ಬಿಟ್ಟು ಕೂತಿದ್ದಳು. ಮಾರನೆಯ ವಾರ ಅವರು ಊರಿಗೆ ಹೊರಡುವವರಿದ್ದರು. ಸಿಗುವುದು ಒಂದೇ ಸಲ.

ನೀರು ತೆಗೆದ ದಿನ ಕೋಶಗಳನ್ನು ಆಸ್ಪತ್ರೆಯಲ್ಲೇ ಬೇರೆ ಮಾಡಿ, ಕೊಳವೆಗಳಲ್ಲಿ ತುಂಬಿ, ಅಕ್ಕ ಮೊದಲೇ ಹೋಗಿ ಯಂತ್ರ ಹಿಡಿಯಬೇಕಿತ್ತು. ಮಧ್ಯಾಹ್ನ ಅವಳ ಸರದಿ. ತಪ್ಪಿದರೆ ಇನ್ನೊಬ್ಬರು ಕೂರುತ್ತಿದ್ದರು. ಕೊಳವೆಗಳನ್ನು ತರುವ ಕೆಲಸ ನನಗೆ ಬಂತು. ನನ್ನ ಡಬ್ಬಕ್ಕಿಂತ ಒಳ್ಳೆಯ ತಣ್ಣನೆಯ ಪೆಟ್ಟಿಗೆ ಅವರಲ್ಲೂ ಇರಲಿಲ್ಲ. ಕ್ಯಾಂಡಿಗಳನ್ನು ಒಂದು ಕಡೆ ಸರಿಸಿ, ಐಸ್ ಚೂರುಗಳ ನಡುವೆ ಅವಳೇ ಕೊಳವೆಗಳನ್ನು ನಿಲ್ಲಿಸಿದಳು.

"ಐಸ್ ಕರಗೋಕೆ ಬಿಡ್ಬೇಡ, ಅಷ್ಟೇ. ನೆಟ್ಟಗೆ ಬಾ."

ನಾನು ನೆಟ್ಟಗೆ ಹೋಗಲಿಲ್ಲ. ಜಯನಗರ ಕಾಂಪ್ಲೆಕ್ಸಿನ ಹತ್ತಿರ ಮಧ್ಯಾಹ್ನದ ಊಟಕ್ಕೆ ಸ್ಕೂಲು ಬಿಟ್ಟಿತ್ತು. ಮಕ್ಕಳು ಸೈಕಲ್ಲಿಗೆ ಮುತ್ತಿಕೊಂಡರು. ಒಂದೈದು ನಿಮಿಷ ಅಂದುಕೊಂಡು ನಿಲ್ಲಿಸಿದೆ. ಡಬ್ಬ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಎಲ್ಲ ಮುಗಿಯುವ ಹೊತ್ತಿಗೆ ಐಸ್ ಅರ್ಧಕ್ಕರ್ಧ ನೀರಾಗಿತ್ತು. ನಮ್ಮ ಕಸುಬಿನಲ್ಲಿ ಅದಕ್ಕೊಂದು ದಾರಿ ಇದೆ. ಐಸಿಗೆ ಕಲ್ಲುಪ್ಪು ಹಾಕಿದರೆ ತಣ್ಣಗಿದ್ದದ್ದು ಇನ್ನೂ ತಣ್ಣಗಾಗುತ್ತದೆ, ಕ್ಯಾಂಡಿ ಕಲ್ಲಿನಂತಾಗುತ್ತದೆ. ಉಪ್ಪಿನ ಚೀಲ ಸೈಕಲ್ಲಿಗೆ ಯಾವಾಗಲೂ ನೇತಾಡುತ್ತಿತ್ತು. ನೀರು ಬಸಿದು, ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಐಸ್ ಇಸಿದುಕೊಂಡು, ಕೊಳವೆಗಳ ಸುತ್ತ ತುಂಬಿ, ಉಪ್ಪು ಧಾರಾಳವಾಗಿ ಹಾಕಿದೆ. ಅಕ್ಕನ ಐಸಿಗಿಂತ ಚೆನ್ನಾಗಿಯೇ ಮಾಡಿದ್ದೇನೆ ಅಂದುಕೊಂಡೆ. ಪ್ರಯೋಗಾಲಯಕ್ಕೆ ಸ್ವಲ್ಪ ಮೊದಲು ಮರದ ನೆರಳಲ್ಲಿ ಉಪ್ಪಿನ ಐಸ್ ತೆಗೆದು, ಕ್ಯಾಂಡಿ ಕಡೆ ಉಪ್ಪಿಲ್ಲದೆ ಉಳಿದಿದ್ದ ಐಸ್ ಹಾಕಿಟ್ಟೆ. ಉಪ್ಪು ನೋಡಿದರೆ ನಿಲ್ಲಿಸಿದ್ದು ಗೊತ್ತಾಗುತ್ತದಲ್ಲ ಎಂದು. ಆಗ ಕೊಳವೆಗಳಲ್ಲಿದ್ದದ್ದು ಗಟ್ಟಿಯಾಗಿತ್ತು. ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತೆ. ಕರಗಿ ಮೊದಲಿನಂತೆ ನೀರಾದ ಮೇಲೆ ಮತ್ತೆ ಐಸಿನಲ್ಲಿಟ್ಟು ಒಯ್ದು ಕೊಟ್ಟೆ.

"ಲೇಟಾಯ್ತಲ್ಲೋ?"

"ಪಂಕ್ಚರ್."

ಅಕ್ಕ ಮುಟ್ಟಿ ನೋಡಿದಳು. ತಣ್ಣಗಿತ್ತು. ಬೆನ್ನು ತಟ್ಟಿ ಕಳಿಸಿದಳು.

ಸಂಜೆ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕೂತಳು. "ಎಲ್ಲಾ ಒಡೆದುಹೋಗಿದ್ವು. ಔಷಧ ಹಿಡ್ಕೊಳೋಕೆ ಕೋಶಾನೇ ಇಲ್ಲ. ಮಂಜುಗಡ್ಡೆ ಕಟ್ಟಿ ಕರಗಿದ್ರೆ ಹಾಗಾಗತ್ತೆ. ಆದ್ರೆ ಬರೀ ಐಸ್‌ನಲ್ಲಿಟ್ಟಿದ್ದು ಹೇಗೆ ಗಡ್ಡೆ ಕಟ್ಟತ್ತೆ? ಕಟ್ಟಲ್ಲ. ನಾನೇ ಆಸ್ಪತ್ರೇಲಿ ಅವಸರದಲ್ಲಿ ಜೋರಾಗಿ ತಿರುಗಿಸಿರ್ಬೇಕು."

ಆ ಮಾತು ಕಿವಿಗೆ ಬಿದ್ದ ಕೂಡಲೇ ಅದು ನನ್ನ ಉಪ್ಪಿನ ಕೆಲಸವೆಂದು ನನಗೆ ತಿಳಿಯಿತು. ಅಲ್ಲೇ ಗೋಡೆಗೊರಗಿ ನಿಂತಿದ್ದೆ. ಅಕ್ಕ ಮುಂದುವರಿಸಿದಳು.

"ನಮ್ಮ ಸಾಹೇಬ್ರು ಏನಂದ್ರು ಗೊತ್ತಾಮ್ಮ? ಐಸ್‌ಕ್ಯಾಂಡಿಯವನ ಕೈಲಿ ಕೊಟ್ಟಿದ್ದೇ ತಪ್ಪು ಅಂದ್ರು. ನನಗೆ ಉರಿದುಹೋಯ್ತು. 'ಸಾರ್, ಐಸ್ ವಿಷಯದಲ್ಲಿ ನನ್ನ ತಮ್ಮ ತಪ್ಪು ಮಾಡಲ್ಲ. ತಪ್ಪಾಗಿದ್ರೆ ನನ್ನ ಕೈಯಿಂದಾನೇ' ಅಂದುಬಿಟ್ಟೆ."

ಅಮ್ಮ ನನ್ನ ಕಡೆ ನೋಡಿ ಹೆಮ್ಮೆಯಿಂದ ನಕ್ಕಳು. ನಾನು ನೀರು ತರುತ್ತೇನೆಂದು ಒಳಗೆ ಹೋದೆ.

ಕನಕಪುರದ ಹೆಂಗಸು ಊರಿಗೆ ಹೋದರು. ಅಂಥ ಕೋಶಗಳು ಮತ್ತೆ ಸಿಗುವ ಮೊದಲೇ ಆ ಔಷಧವನ್ನು ಬದಿಗಿಟ್ಟು ಬೇರೊಂದನ್ನು ಹಿಡಿದರು. ಅಕ್ಕನನ್ನು ಯಾರೂ ತೆಗೆದುಹಾಕಲಿಲ್ಲ. ಅವಳೇ ಹಿಂದೆ ಸರಿದಳು. ಪ್ರತಿ ಸಲ ಮಾಡಿದ್ದನ್ನು ಎರಡನೇ ಸಲ, ಮೂರನೇ ಸಲ ಮಾಡಿ ನೋಡಲು ಶುರುಮಾಡಿದಳು. ಮುಗಿಯುವ ಹೊತ್ತಿಗೆ ಕೋಶಗಳೇ ಹಾಳಾಗುತ್ತಿದ್ದವಂತೆ. ಕೊನೆಗೆ ಕೇಳಿಕೊಂಡು ಅಲ್ಲಿನ ಲೈಬ್ರರಿ ಕೆಲಸಕ್ಕೆ ಹೋದಳು. ಸ್ವೆಟರ್ ಬೀರುವಿನೊಳಗೆ ಸೇರಿತು. ಪದ್ಮಮ್ಮ, "ಈಗ ಹುಷಾರಾದಳಾ?" ಎಂದು ಅಮ್ಮನನ್ನು ಕೇಳಿದರು. ಮನೆಯಲ್ಲೂ ಅಷ್ಟೇ. ಹಾಲು ಬಗ್ಗಿಸುವ ಹೊತ್ತಿಗೆ, "ನೀನೇ ಬಗ್ಗಿಸೋ ನಾಗ, ನನ್ನ ಕೈ ಸರಿಯಿಲ್ಲ" ಎನ್ನುತ್ತಿದ್ದಳು. ನಾನು ಬಗ್ಗಿಸುತ್ತಿದ್ದೆ. ಎಷ್ಟೋ ವರ್ಷ ಹೀಗೇ ನಡೆಯಿತು. ನನಗೆ ಮದುವೆಯಾಗಿ ಬನಶಂಕರಿಯಲ್ಲಿ ಬೇರೆ ಮನೆ ಮಾಡಿದೆ, ಸ್ವಂತದ ಜ್ಯೂಸ್ ಅಂಗಡಿ ಇಟ್ಟೆ. ನಾಳೆ ಹೇಳಿದರಾಯಿತು ಅಂದುಕೊಂಡೇ ಇರುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೈದರಾಬಾದಿನಲ್ಲಿ ಅವಳ ಹಳೆಯ ಗೆಳತಿಯೊಬ್ಬರು ಅದೇ ಬಗೆಯ ಕೆಲಸ ಹೊಸದಾಗಿ ಶುರುಮಾಡುತ್ತಿದ್ದರು. ಹುಡುಗ ಹುಡುಗಿಯರಿಗೆ ಕಲಿಸಲು ಸುಶೀಲೆಯೇ ಬೇಕೆಂದು ಪಟ್ಟು ಹಿಡಿದಿದ್ದರು. ಅಮ್ಮ ನನ್ನನ್ನು ಕರೆಸಿ, "ಒಲ್ಲೆ ಅಂತಾಳೆ. ಬೆಳಿಗ್ಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ತಾಳಂತೆ. ನೀನಾದ್ರೂ ಬುದ್ಧಿ ಹೇಳು" ಎಂದಳು.

ಅಕ್ಕ ಹಿತ್ತಿಲಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. "ನನ್ನ ಕೈ ನೋಡಿ ಕಲಿತ್ರೆ ಆ ಮಕ್ಕಳೂ ಕೆಡಿಸ್ತವೆ ಕಣೋ" ಎಂದು ನಕ್ಕಳು.

"ಆವತ್ತು ಆ ಐಸ್‌ಗೆ ಉಪ್ಪು ಹಾಕಿದ್ದೆ ಅಕ್ಕ."

"ಯಾವತ್ತು?"

"ಕನಕಪುರದೋರ ಕೊಳವೆ ತಂದಾಗ. ಪಂಕ್ಚರ್ ಆಗಿರ್ಲಿಲ್ಲ. ಕ್ಯಾಂಡಿ ಮಾರ್ತಾ ನಿಂತುಬಿಟ್ಟೆ, ಐಸ್ ಕರಗ್ತು. ಉಪ್ಪು ಹಾಕಿದೆ. ಗಟ್ಟಿಯಾಗಿತ್ತು, ಕರಗಿಸಿ ತಂದುಕೊಟ್ಟೆ."

ಕೈಯಲ್ಲಿದ್ದ ಸೀರೆಯನ್ನು ಅವಳು ಕೆಳಗೆ ಬಿಡಲಿಲ್ಲ, ತಂತಿಗೂ ಹಾಕಲಿಲ್ಲ.

"ಕಲ್ಲುಪ್ಪಾ?"

"ಹೂಂ. ಜಾಸ್ತೀನೇ."

"ಹಾಗಾದ್ರೆ ಗಡ್ಡೆ ಕಟ್ಟೇ ಕಟ್ಟತ್ತೆ" ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ನಾನು ತಿರುಗಿಸಿದ್ದು ಸರಿಯಾಗೇ ಇತ್ತು" ಎಂದಳು. ಆಮೇಲೆ ಅವಳ ದನಿ ಏರಿತು. "ಔಷಧ ಹೋಗ್ಲಿ ಬಿಡೋ, ಅದು ಮುಂದೆ ಗೆಲ್ತಿತ್ತೋ ಸೋಲ್ತಿತ್ತೋ ಯಾರಿಗ್ಗೊತ್ತು. ನನ್ನನ್ನ ನೋಡ್ತಾನೇ ಇದ್ದೆಯಲ್ಲೋ ನೀನು! ಇಷ್ಟು ವರ್ಷ ನಿನ್ನ ಬಾಯಿಗೆ ಏನಾಗಿತ್ತು?"

ಹೆದರಿಕೆಯಾಗಿತ್ತು, ಚಿಕ್ಕವನಾಗಿದ್ದೆ, ನೀನು ಎಲ್ಲರ ಮುಂದೆ ನನ್ನನ್ನು ಹೊಗಳಿದ್ದೆ ಎಂದೆಲ್ಲ ವರ್ಷಗಳಿಂದ ಜೋಡಿಸಿಟ್ಟುಕೊಂಡಿದ್ದೆ. ಅವಳ ಮುಖ ನೋಡಿ ಅದೆಲ್ಲ ಬಿಟ್ಟೆ.

"ತಪ್ಪಾಯ್ತು ಅಕ್ಕ. ಕೈ ಸರಿಯಿಲ್ಲ ಅಂತ ನೀನು ಅಂದಾಗೆಲ್ಲ ಸುಮ್ನೆ ಕೇಳಿಸ್ಕೊಂಡಿದ್ದೆ. ತಪ್ಪಾಯ್ತು."