ಸರಕು ವಿಮಾನದ ರೆಕ್ಕೆಯ ಕೆಳಗೆ ಮಾವ ಕುಡಿದ ನೀರು

ಔರಾದಿನ ನಮ್ಮ ಮಾಳಿಗೆಯ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಸೈನ್ಯದ ಸರಕು ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅದರ ನೆರಳು ನನ್ನ ತಟ್ಟೆಯ ಮೇಲೆ ಸರಿದದ್ದು ನೆನಪಿದೆ. ಅಂದು ಮೋಡ ಕವಿದಿತ್ತು, ನೆರಳು ಎಲ್ಲಿಂದ ಬರಬೇಕು ಎನ್ನುತ್ತಾಳೆ ಅಕ್ಕ. ಇರಲಿ. ಜಗಳವಾದದ್ದಂತೂ ನಿಜ.

"ನಾಕ ಇಂಜಿನ್ ಅದಾವ," ಎಂದ ಅಪ್ಪ. ಭಾಲ್ಕಿ ಕಡೆಯ ಭಾತಂಬ್ರಾದಲ್ಲಿ ಕುರಿ ಸಾಕಿಕೊಂಡಿರುವ ಅವ್ವನ ಅಣ್ಣ, ನಮ್ಮ ಮಾವ, "ಎರಡ," ಎಂದ. ಅಲ್ಲಿಗೆ ಮುಗಿಯಬಹುದಿತ್ತು. ಅಪ್ಪ ರೊಟ್ಟಿ ಮುರಿಯುತ್ತಾ, "ಕುರೀನೂ ಹಿಂಗ ಎಣಸ್ತಿ ಏನ?" ಎಂದುಬಿಟ್ಟ.

ಕುರಿ ಸಾಕುವವನನ್ನು ಏನೆಂದಾದರೂ ಬೈಯಬಹುದು, ಎಣಿಕೆ ಬರುವುದಿಲ್ಲ ಎನ್ನಬಾರದು. ಮಾವ ಎದ್ದ. "ಈ ಮನಿ ನೀರ ಮುಟ್ಟಿದ್ರ ಕೇಳು!" ಕೈ ತೊಳೆಯಲೂ ನೀರು ಮುಟ್ಟುವಂತಿರಲಿಲ್ಲ. ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಬಸ್ಸಿಗೆ ಹೋದ.

ಆಮೇಲೆ ವರ್ಷಗಟ್ಟಲೆ, ಔರಾದಿಗೆ ಬಂದರೆ ಹೊಸ್ತಿಲಾಚೆ ನಿಂತು ಅವ್ವನ ಜೊತೆ ಮಾತಾಡಿ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಹೋಗುತ್ತಿದ್ದ. ಅಪ್ಪ ಒಳಗಿನಿಂದ, ಬೇಕೆಂದೇ ಜೋರಾಗಿ, "ನಾಕ" ಎಂದು ಕೆಮ್ಮುತ್ತಿದ್ದ.

ಈಗ ಅಕ್ಕನ ಮದುವೆ ಗೊತ್ತಾಗಿತ್ತು, ಅದೂ ನಮ್ಮದೇ ಅಂಗಳದಲ್ಲಿ. ಮದುಮಗಳ ಕೈ ಹಿಡಿದು ಅಕ್ಷತೆಗೆ ಕರೆತರಬೇಕಾದವನು ಸೋದರಮಾವ. "ಮಾವ ಬರದಿದ್ರ ನಾನೂ ಬರಂಗಿಲ್ಲ," ಎಂದು ಅಕ್ಕ ಕೂತಳು.

ಬೀದರದ ಪಾರ್ಕಿನಲ್ಲಿ ಅಂಥದೇ ಹಳೆಯ ವಿಮಾನವೊಂದನ್ನು ನಿಲ್ಲಿಸಿದ್ದಾರೆ ಎಂದು ಅವ್ವನ ಕಿವಿಗೆ ಬಿತ್ತು. ಇಬ್ಬರಿಗೂ ಹೇಳಿದಳು: "ಬಂದು ಎಣಸ್ರಿ. ಸೋತಾಂವ ಬಾಯಿ ಮುಚ್ಚಲಿ, ಆಣಿ ಅಲ್ಲಿಗೆ ಮುಗೀಲಿ." ನಾವು ಔರಾದಿನ ಬಸ್ಸಿಗೆ, ಮಾವ ಭಾಲ್ಕಿಯ ಬಸ್ಸಿಗೆ ಬಂದಿಳಿದೆವು. ಒಂದೇ ಆಟೋದಲ್ಲಿ ಹೋದೆವು. ಮಾವ ಮಾತ್ರ ಡ್ರೈವರಿನ ಪಕ್ಕ, ಅರ್ಧ ಹೊರಗೆ.

ವಿಮಾನ ಹೊಟ್ಟೆ ಇಳಿಬಿಟ್ಟುಕೊಂಡು ನಿಂತಿತ್ತು. ಮಾವ ಮೊದಲು ನೋಡಿದ್ದು ಆ ಹೊಟ್ಟೆಯನ್ನೇ. "ನನ್ನ ಹಿಂಡ ಪೂರಾ ಹಿಡಿತದ."

"ಎಷ್ಟ ಅಂತ ಗೊತ್ತಿದ್ರ," ಎಂದ ಅಪ್ಪ ಆಕಾಶಕ್ಕೆ.

ಎಡಕ್ಕೊಂದು ಫ್ಯಾನು, ಬಲಕ್ಕೊಂದು. ಮಾವ ಮೀಸೆ ಸವರಿಕೊಂಡ. "ಎಣಸ್ಕೊ ಭಾವಾ. ಬಟ್ಟ ಸಾಲದಿದ್ರ ನನ್ನವ ಕೊಡ್ತೇನಿ," ಎಂದು ಹತ್ತೂ ಬೆರಳು ಚಾಚಿದ.

"ಆ ಇಮಾನಾನೇ ಬ್ಯಾರೆ."

ಬುತ್ತಿಗಂಟು ಹಿಡಿದು ನಿಂತಿದ್ದ ಅವ್ವ ಕೇಳಿದಳು: "ಬೆನ್ನ ಮ್ಯಾಲ ಕೂತದಲ್ಲ, ಅದೇನ?"

ವಿಮಾನದ ಬೆನ್ನಿನ ಮೇಲೆ ದಪ್ಪ ಕೊಳವೆಯೊಂದು ಕೂತಿತ್ತು. ನಾನು ಬೋರ್ಡು ಓದಿದೆ: ರೆಕ್ಕೆಗಳಲ್ಲಿ ಎರಡು ಇಂಜಿನ್, ಏರುವಾಗ ಹೆಚ್ಚಿನ ಬಲಕ್ಕೆ ಬೆನ್ನ ಮೇಲೊಂದು ಜೆಟ್. ಮೂರು. ಮೂರನೆಯದನ್ನು ನಾನೇ ತಂದಿಟ್ಟೆನೋ ಎಂಬಂತೆ ಇಬ್ಬರೂ ನನ್ನನ್ನು ನೋಡಿದರು.

"ಹಂಗಾದ್ರ ನಾ ಸೋತಿಲ್ಲ," ಎಂದ ಅಪ್ಪ.

"ನಾನೂ ಇಲ್ಲ," ಎಂದ ಮಾವ.

ಯಾರೂ ಸೋಲದ್ದರಿಂದ ಆಣೆ ಹಾಗೇ ಉಳಿಯಿತು. ಅಕ್ಕನ ಮುಖ ಬಾಡಿತು. ಅವ್ವ ಮಾತ್ರ ರೆಕ್ಕೆಯ ನೆರಳಿನಲ್ಲಿ ಬಟ್ಟೆ ಹಾಸಿ ರೊಟ್ಟಿ, ಕೆಂಪು ಚಟ್ನಿ ಬಿಚ್ಚಿದಳು. ರೊಟ್ಟಿಯ ಮಾತು ಆಣೆಯಲ್ಲಿರಲಿಲ್ಲವಾದ್ದರಿಂದ ಮಾವ ಕೂತ. ಎರಡನೆಯ ತುತ್ತಿಗೆ ಕಣ್ಣು ಕೆಂಪಾಯಿತು, ಕೆಮ್ಮು ಹತ್ತಿತು. ಎಲ್ಲರಿಗೂ ಅದೇ ಚಟ್ನಿ ಬಡಿಸಿದ್ದೆ ಎಂದು ಅವ್ವ ಇಂದಿಗೂ ಹೇಳುತ್ತಾಳೆ. ನನಗಂತೂ ಅಷ್ಟು ಖಾರ ಹತ್ತಿದ ನೆನಪಿಲ್ಲ.

ಅಕ್ಕ ತಂಬಿಗೆ ಮುಂದೆ ಹಿಡಿದಳು.

"ಎಲ್ಲೀ ನೀರ ಇದು?" ಮಾವ ಕೆಮ್ಮಿನ ನಡುವೆ ಕೇಳಿದ.

"ನಮ್ಮ ಮನೀದ, ಮಾವ."

ಮಾವ ಮುಖ ತಿರುಗಿಸಿದ. ಅವ್ವ ಚಟ್ನಿಯ ಡಬ್ಬಿ ಮುಚ್ಚುತ್ತಾ, "ಈ ಮನಿ ನೀರ ಅಂದಿದ್ದಿ, ಅಣ್ಣಾ. ಇಲ್ಲಿ ಮನಿ ಎಲ್ಲದ? ಮ್ಯಾಲ ನೋಡು," ಎಂದಳು.

ಮಾವ ಮೇಲೆ ನೋಡಿದ. ರೆಕ್ಕೆ ಇತ್ತು. ಅಕ್ಕನ ಕೈ ಇನ್ನೂ ಚಾಚಿಯೇ ಇತ್ತು. ತಂಬಿಗೆ ಇಸಿದುಕೊಂಡು ಗಟಗಟನೆ ಅಷ್ಟನ್ನೂ ಕುಡಿದ. ನಾವೆಲ್ಲ ಏನೂ ಆಗಿಲ್ಲವೆಂಬಂತೆ ರೊಟ್ಟಿ ಮುರಿದೆವು.

ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಮಾವ ಅಕ್ಕನನ್ನು ಕೇಳಿದ: "ಹಂದರ ಯಾವತ್ತ ಹಾಕ್ತೀರಿ?"

ಉತ್ತರ ಕೊಟ್ಟದ್ದು ಅಪ್ಪ, ತಟ್ಟೆಯಿಂದ ತಲೆ ಎತ್ತದೆ: "ಒಂದ ದಿನ ಮೊದಲ ಬಾ. ಕಂಬ ಎಣಸ್ಲಿಕ್ಕ ಯಾರರೇ ಬೇಕಲ್ಲ."