ಎರಡನೇ ಕಾರ್ಡು ಎದ್ದ ಮಧ್ಯಾಹ್ನ

ಕಂಪ್ಯೂಟರ್ ಕಲಿಸುತ್ತಿದ್ದ ಸರ್ ತೀರಿಕೊಂಡು ತಿಂಗಳು ತುಂಬುವ ಮೊದಲೇ ಅವರ ಕೆಲಸಕ್ಕೆ ನನ್ನನ್ನು ತೊಗೊಂಡರು. ಸವದತ್ತಿಯ ಒಂದು ಸಣ್ಣ ಕಾಲೇಜು. ಎರಡು ಸಾವಿರದ ಇಸವಿಯ ಆಚೀಚೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವರಲ್ಲಿ ನಾನೇ ಮೊದಲು, ಡಿಗ್ರಿಯಂತೂ ಸಾಲಹಳ್ಳಿಯ ನಮ್ಮ ಓಣಿಗೇ ಮೊದಲು. ಎದಿ ಉಬ್ಬಿಸಿಕೊಂಡು ಲ್ಯಾಬಿಗೆ ಕಾಲಿಟ್ಟೆ. ಅಲ್ಲಿದ್ದವರು ನೋಡಿದ್ದು ಸತ್ತವರ ಕುರ್ಚಿ ಮೇಲೆ ಬಂದು ಕುಂತಾಕಿಯನ್ನು.

ಯರಗಟ್ಟಿ ಬಸ್ಸಿನಲ್ಲಿ ಕುಂತಲ್ಲೇ ಹೋಗಿಬಿಟ್ಟಿದ್ದರಂತೆ ಸರ್. ಲ್ಯಾಬಿನ ಮಗ್ಗಲಿನ ಅವರ ಖೋಲಿಗೆ ಅವತ್ತೇ ಬೀಗ ಬಿದ್ದಿತ್ತು. ಕೊನೆಯ ವರ್ಷದವರ ಪ್ರಾಕ್ಟಿಕಲ್ ಅಂಕಗಳೆಲ್ಲ ಆ ಖೋಲಿಯ ಮಷೀನಿನಲ್ಲಿದ್ದವು. ಶುಕ್ರವಾರ ಸಂಜೆಯೊಳಗೆ ವಿಶ್ವವಿದ್ಯಾಲಯಕ್ಕೆ ಅಂಕ ಕಳಿಸದಿದ್ದರೆ ಹುಡುಗರೆಲ್ಲ ಮುಂದಿನ ವರ್ಷ ಮತ್ತೆ ಬರಬೇಕು. ಉಳಿದವರು ಬಂದಾರು. ಸುರೇಬಾನದ ಒಬ್ಬಳಿಗೆ ಮಾತ್ರ ಅದು ಆಗದ ಮಾತು. ಆಕೆಗೆ ಮದುವೆ ಗೊತ್ತಾಗಿತ್ತು. ಇದೊಂದು ವರ್ಷ ಮುಗಿಸಲಿ, ಆಮೇಲೆ ಕಾಲೇಜಿನ ಹೆಸರು ಎತ್ತಬಾರದು ಎಂದು ಬೀಗರು ಖಡಕ್ ಹೇಳಿದ್ದರು. ಶುಕ್ರವಾರ ಮುಂಜಾನೆಯಿಂದ ಆಕೆ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದಳು.

ಸರ್ ಮಷೀನಿನ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಆದರೆ ಲ್ಯಾಬಿನ ಲಿನಕ್ಸ್ ಸರ್ವರ್ ಕೇಳಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡುವಂತೆ ಅವರು ಮಾಡಿಟ್ಟಿದ್ದರು. ಖೋಲಿಗೆ ಹೋಗುವ ಕರಿ ಕೇಬಲ್ ಸರ್ವರಿನ ಎರಡನೇ ನೆಟ್‌ವರ್ಕ್ ಕಾರ್ಡಿಗೆ ಸಿಕ್ಕಿಸಿದ್ದಿತ್ತು. ಆ ಕಾರ್ಡು ಸಿಡಿಲಿಗೆ ಸುಟ್ಟಿತ್ತು. ಹುಬ್ಬಳ್ಳಿಯಿಂದ ಹೊಸದು ತರಿಸಿದ್ದೆ. ಬೇರೆ ದಾರಿ ಆಗ ನನಗೆ ಗೊತ್ತಿರಲಿಲ್ಲ.

"ಅಕ್ಕಾರ, ಆ ಖೋಲಿ ತಂಟೆ ಬ್ಯಾಡ್ರಿ," ಎಂದ ಅಟೆಂಡರ್ ಕಾಕಾ, ನಿವೃತ್ತಿಗೆ ಬಂದ ಮುದುಕ. "ಕರೆಂಟ್ ಬಂದಕೂಡ್ಲೆ ಮಷೀನ್ ತಾನ ಚಾಲೂ ಆಗತೈತಿ. ಒಳಗ ಯಾರ ಅದಾರ, ಹೇಳ್ರಿ?"

"ಹಳೇ ಮಷೀನ್ ಕಾಕಾ. ಬಟನ್ ಒತ್ತಿದ್ದು ಒತ್ತಿದ್ದಂಗ ಐತಿ. ಕರೆಂಟ್ ಬಂದ್ರ ಏಳತೈತಿ."

"ನೀವು ಶಾಣ್ಯಾರ್ರಿ. ನಾ ಸಾಲಿ ಕಲತಾವಲ್ಲ, ಅಂಜತೇನಿ."

ಕಾರ್ಡು ಕೂರಿಸಿ ಸರ್ವರ್ ಚಾಲೂ ಮಾಡಿದೆ. ಕಂಡದ್ದು ಒಂದೇ ಕಾರ್ಡು. ಆ ಕಾಲದ ಲಿನಕ್ಸಿನ ಗುಣವೇ ಅದು. ಒಂದು ಸಿಕ್ಕರೆ ಹುಡುಕುವುದನ್ನೇ ಬಿಡುತ್ತಿತ್ತು. ಇನ್ನೊಂದೂ ಇದೆ, ಹುಡುಕು ಎಂದು ಬೂಟ್ ಫೈಲಿನಲ್ಲಿ ಒಂದು ಸಾಲು ಬರೆದು ಹೇಳಬೇಕು. ಬರೆದೆ. ಮತ್ತೆ ಚಾಲೂ ಮಾಡಿದೆ. ಅಂಥ ಸಾಧನ ಇಲ್ಲ ಎಂದಿತು. ಆ ಸಾಲಿನಲ್ಲಿ ಕಾರ್ಡಿನ ವಿಳಾಸ ಬದಲಿಸಿದೆ. ಇಲ್ಲ. ಊಟದ ಹೊತ್ತು ಮೀರಿತು. ಬಾಗಿಲಿಂದ ಹುಡುಗಿ, "ಆತೇನ್ರಿ ಅಕ್ಕಾರ?" ಎಂದಳು.

ಸರ್ವರಿನ ಡಬ್ಬಿ ಬಿಚ್ಚಿ ಕಾರ್ಡು ಕೂರುವ ಸಂದಿಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಹಳದಿ. ಬೆರಳಿಗೆ ಹತ್ತಿತು. ದೇವಿಗೆ ಏರಿಸುವ ಅರಿಶಿನ, ಭಂಡಾರ!

"ಕಾಕಾ, ಇದೇನಿದು?"

ಮುದುಕ ತಲೆ ಕೆಳಗೆ ಹಾಕಿದ. ಸುಟ್ಟ ಕಾರ್ಡು ಕಿತ್ತ ಮೇಲೆ ಡಬ್ಬಿಯ ಹಿಂದೆ ಸೀಳು ಉಳಿದಿತ್ತಲ್ಲ, ಅದರೊಳಗೆ ಅಮಾಸಿ ದಿನ ಹಿಡಿ ಭಂಡಾರ ಸುರುವಿದ್ದ. "ಸರ್ ಇದ್ರಾಗ ಇದ್ರ ಶಾಂತ ಆಗಲಿ ಅಂತ್ರಿ."

"ಸರ್ ಏನಾದ್ರೋ ಗೊತ್ತಿಲ್ಲ, ಕಾರ್ಡಂತೂ ಶಾಂತ ಆಗೇತಿ ನೋಡ್ರಿ."

ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮುದುಕ ನಗಲಿಲ್ಲ. ಹಲ್ಲುಜ್ಜುವ ಬ್ರಷ್ ತಂದುಕೊಟ್ಟವನು ಅವನೇ. ಅದರಿಂದ ಸಂದಿ ಸ್ವಚ್ಛ ಮಾಡಿ ಕಾರ್ಡು ಮತ್ತೆ ಕೂರಿಸಿದೆ.

ಈ ಸಲ ಎರಡನೇ ಕಾರ್ಡು ಪರದೆಯ ಮೇಲೆ ಬಂತು. ಸರ್ವರಿನಿಂದ ಸರ್ ಮಷೀನನ್ನು, ಇದ್ದೀಯಾ ಎಂದು, ಕೂಗಿ ನೋಡಿದೆ. ಬೀಗ ಹಾಕಿದ ಖೋಲಿಯಿಂದ ಉತ್ತರ ಬರತೊಡಗಿತು, ಸೆಕೆಂಡಿಗೊಂದರಂತೆ, ಸಾಲು ಸಾಲು. ಕಾಕಾನ ಅಂಜಿಕೆಯನ್ನು ವಿವರಣೆಯಿಂದ ಮುಚ್ಚಿದವಳು ನಾನು. ಆ ಸಾಲುಗಳನ್ನು ನೋಡುತ್ತಾ ಒಮ್ಮೆ ಖೋಲಿಯ ಬೀಗದ ಕಡೆ ತಿರುಗಿ ನೋಡಿದೆ. ಸರ್ವರಿನಿಂದಲೇ ಆ ಮಷೀನಿನೊಳಗೆ ಹೋಗಿ, ಯಾರು ಯಾವಾಗ ಬಂದುಹೋದರು ಎನ್ನುವ ದಾಖಲೆ ತೆಗೆದೆ. ಪುಟಗಟ್ಟಲೆ ಮಷೀನು ಎದ್ದ ಹೊತ್ತುಗಳಷ್ಟೇ. ಕರೆಂಟ್ ಹೋದಾಗೆಲ್ಲ ಸತ್ತು, ಬಂದಾಗೆಲ್ಲ ಎದ್ದು, ಯಾರಾದರೂ ಹೆಸರು ಹೇಳಲಿ ಎಂದು ದಿನಕ್ಕೆ ಆರೇಳು ಸಲ ಕಾದಿತ್ತು. ಎಲ್ಲಕ್ಕಿಂತ ತಳದಲ್ಲಿ, ಕೊನೆಗೆ ಬಂದುಹೋದ ಮನುಷ್ಯರಾಗಿ, ಸರ್ ಹೆಸರು.

ಅಂಕದ ಫೈಲು ಸಿಕ್ಕಿತು. ಎಲ್ಲರ ಮುಂದೆಯೂ ಅಂಕವಿತ್ತು, ಸುರೇಬಾನದವಳ ಮುಂದೆ ಇರಲಿಲ್ಲ.

"ನಿನ್ನ ವೈವಾ ಆಗಿತ್ತೇನು?" ಎಂದು ಕೇಳಿದೆ.

"ಆಗೇತ್ರಿ. ಜ್ವರ ಬಂದಿತ್ತು, ಅದಕ್ಕ ಎಲ್ಲಾರಕಿಂತ ಕಡೀಕ ಆತು. ಅವತ್ತ ಸರ್ ಬಸ್ಸಿಗೆ ಹೋದದ್ದು." ಬಾಗಿಲು ಬಿಟ್ಟು ಒಳಗೆ ಬಂದಿರಲಿಲ್ಲ, ಪರದೆ ಆಕೆಗೆ ಕಾಣುತ್ತಿರಲಿಲ್ಲ. "ಎಷ್ಟ ಕೊಟ್ಟಾರ್ರಿ ಸರ್?"

ಅಂಕದ ಪಟ್ಟಿ ಒಯ್ಯುವ ಟಪಾಲಿನವನು ಐದಕ್ಕೆ ಹೊರಡುವವನಿದ್ದ. ನಾನು ಇಪ್ಪತ್ತಕ್ಕೆ ಹದಿನೆಂಟು ಒತ್ತಿದೆ. "ಹದಿನೆಂಟು," ಎಂದೆ.

"ಬಸ್ಸಿಗೆ ತಡಾ ಆಗಿತ್ರಿ ಅವರಿಗೆ. ಆದ್ರೂ ನಂದು ಬರದಿಟ್ಟ ಹೋಗ್ಯಾರ," ಎಂದು ಆಕೆ ಅತ್ತಳು. ಕಾಕಾ ಬೀಗ ಹಾಕಿದ ಖೋಲಿಯ ಕಡೆ ತಿರುಗಿ ಕೈಮುಗಿದ.

ಆಕೆ ಡಿಗ್ರಿ ಪಡೆದಳು, ಮದುವೆಯಾದಳು. ಆ ಫೈಲಿನಲ್ಲಿ ಹದಿನೆಂಟು ಸರ್ ಹೆಸರಿನಲ್ಲೇ ಉಳಿಯಿತು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಆಕೆಯನ್ನು ಎದುರಿಗೆ ಕೂಡಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ, ನನ್ನ ಸಹಿ ಹಾಕಿ ಅಂಕ ಕೊಡಬಹುದಿತ್ತು. ಹೊಸಬಳು, ನನ್ನ ಸಹಿಯನ್ನು ಯಾರು ಕೇಳುತ್ತಾರೆ ಎಂದು ಅಂಜಿದೆ. ಸತ್ತವರನ್ನಾದರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಆಕೆ ಇಪ್ಪತ್ತಕ್ಕೆ ಇಪ್ಪತ್ತು ಉತ್ತರ ಹೇಳುತ್ತಿದ್ದಳೇನೋ. ನಾನು ಒಂದೂ ಕೇಳಲಿಲ್ಲ.