ಎರಡನೇ ಓಟ ಎಡಗೈಯದು

ಮೆಲ್ಬರ್ನ್ ಅಂಚಿನ ಡ್ಯಾಂಡಿನಾಂಗ್‌ನ ನಮ್ಮ ಬಾಡಿಗೆ ಮನೆಯಲ್ಲಿ ವಿಸಿಆರ್ ಇನ್ನೂ ಉಸಿರಾಡುತ್ತಿದ್ದ ಕಾಲ. ನನಗೆ ಹನ್ನೆರಡು. ಕಾಲುಗಳು ನುಗ್ಗೆಕಾಯಿ, ಬಾಯಿ ಮಾತ್ರ ಒಲಿಂಪಿಕ್ ಮಟ್ಟದ್ದು. ನನಗಿಂತ ವೇಗದ ಪ್ರಾಣಿ ಇಲ್ಲವೆಂದು ನಂಬಿದ್ದೆ. ಆಧಾರ, ಒಮ್ಮೆ ಓಡಿಹೋಗಿ ಬಸ್ ಹಿಡಿದಿದ್ದೆ. ಬಸ್ ನಿಂತೇ ಇತ್ತು.

ಪ್ರತಿ ಈಸ್ಟರ್ ರಜೆಯಲ್ಲಿ ಸಿಡ್ನಿಯ ಕನ್ನಡದವರಿಗೂ ಮೆಲ್ಬರ್ನ್‌ನವರಿಗೂ ಮಕ್ಕಳ ರಿಲೇ. ಮೂರು ವರ್ಷದಿಂದ ನಾವು ಸೋಲುತ್ತಿದ್ದೆವು. ಬಹುಮಾನ ಹಿಡಿ ಕಿತ್ತುಹೋದ ಒಂದು ಪ್ಲಾಸ್ಟಿಕ್ ಕಪ್ಪು. ನಾಯಿಗೆ ನೀರಿಡಲೂ ಲಾಯಕ್ಕಿಲ್ಲದ್ದು. ಆದರೆ ನನ್ನ ಗೆಳೆಯ ಸಂದೀಪನಿಗೆ ಅದು ಬೇಕೇ ಬೇಕಿತ್ತು. ಸೋತ ಮೂರೂ ತಂಡಗಳಲ್ಲಿ ಅವನಿದ್ದ. ಮುಂದಿನ ವರ್ಷ ಹದಿಮೂರು ತುಂಬಿದರೆ ಅವನನ್ನು ಸೇರಿಸುವಂತಿರಲಿಲ್ಲ.

ನಮ್ಮ ಕೋಚ್ ಮೈಸೂರಿನ ರಮೇಶ್ ಅಂಕಲ್, ಹೊಟ್ಟೆಪಾಡಿಗೆ ಐಟಿ. ಜೀವನದಲ್ಲಿ ಒಮ್ಮೆ ಓಡಿದ್ದರೆ ಅದು ನಾಯಿ ಅಟ್ಟಿಸಿಕೊಂಡು ಬಂದಾಗಲೇ ಇರಬೇಕು. ಅವರ ಬಳಿ ಒಂದು ಕ್ಯಾಸೆಟ್ ಇತ್ತು, ಅದರ ತುಂಬ ಜಮೈಕಾದ ಒಬ್ಬಳೇ ಓಟಗಾರ್ತಿ. ಸಿಡ್ನಿ ಒಲಿಂಪಿಕ್ಸ್‌ನಿಂದ ಹಿಡಿದು ಅವಳ ಓಟವನ್ನೆಲ್ಲ ಟಿವಿಯಿಂದ ರೆಕಾರ್ಡ್ ಮಾಡಿದ್ದರು. ಸಿಡ್ನಿಯಲ್ಲಿ ನೂರು ಮೀಟರ್‌ನ ಸೆಮಿಫೈನಲ್ ದಾಟಲಿಲ್ಲ. ಆಮೇಲೆ ಯುರೋಪಿನಲ್ಲಿ ತೊಡೆ ಹಿಡಿದುಕೊಂಡು ಕುಂಟಿದಳು. ಮರುವರ್ಷ ಐದನೆಯವಳು, ಅದರ ಮರುವರ್ಷ ಮತ್ತೆ ಐದು. ರಿಲೇಯಲ್ಲಿ ಮಾತ್ರ ಎರಡನೇ ಓಟ ಯಾವತ್ತೂ ಅವಳದೇ.

‘ನೋಡ್ರೋ, ಕೋಲನ್ನ ಎಡಗೈಲಿ ತಗೋತಾಳೆ, ಎಡಗೈಲೇ ಮುಂದಿನೋಳ ಬಲಗೈಗೆ ಕೊಡ್ತಾಳೆ. ಮಧ್ಯ ಕೈ ಬದಲಾಯಿಸಿದ್ರೆ ಕೆಟ್ಟಿತು’ ಎಂದು ಅಂಕಲ್ ಚಿತ್ರ ನಿಲ್ಲಿಸಿ ತೋರಿಸುತ್ತಿದ್ದರು.

‘ಇವ್ಳು ಕೊರಿಯರ್ ಅಲ್ವಾ ಅಂಕಲ್. ಗೆಲ್ಲೋದು ಲಾಸ್ಟ್ ಓಡೋಳು’ ಅಂದೆ.

‘ನೀನೂ ಕೊರಿಯರ್ರೇ. ಸೆಕೆಂಡ್ ಲೆಗ್ ನಿಂದು. ಥರ್ಡ್ ಸಂದೀಪಂದು.’

ಸಂದೀಪ ಒಂದು ವಾರ ನನ್ನನ್ನು ‘ಪಾರ್ಸೆಲ್’ ಎಂದು ಕರೆದ.

ನಮ್ಮ ಕೋಲು ನಲ್ಲಿಯ ಪೈಪಿನ ತುಂಡು. ಪಾರ್ಕಿನಲ್ಲಿ ಪ್ರಾಕ್ಟೀಸ್ ನಡೆಯುವಾಗ, ಉಡುಪಿಯಿಂದ ಆರು ತಿಂಗಳಿಗೆ ಬಂದಿದ್ದ ನನ್ನ ಅಜ್ಜಿ ಗೋಳಿಬಜೆಯ ಡಬ್ಬಿ ಹಿಡಿದು ಕೂರುತ್ತಿದ್ದರು. ಮುಚ್ಚಳ ತೆಗೆದರೆ ಹುಳಿಮೊಸರು, ಶುಂಠಿ, ಬಿಸಿ ಎಣ್ಣೆಯ ಪರಿಮಳ. ಎಡಗೈ ಚಾಚಿದವರಿಗೆ ಅದೇ ಮುಚ್ಚಳದ ಏಟು.

‘ಎಂತದು ಮಾರಾಯ, ಆ ಕೈಯಲ್ಲಿ ತಕೊಳ್ಳುದಾ? ದೇವ್ರು ಬಲಗೈ ಕೊಡ್ಲಿಲ್ವಾ ನಿಂಗೆ?’

ಅಂಕಲ್ ಎಡಗೈ ತಿದ್ದುತ್ತಿದ್ದರು, ಅಜ್ಜಿ ಬಲಗೈ ತಿದ್ದುತ್ತಿದ್ದರು. ಅಂಕಲ್ ಬಳಿ ತಿನ್ನಲು ಏನೂ ಇರಲಿಲ್ಲ.

ಈಸ್ಟರ್‌ಗೆ ಮುಂಚಿನ ತಿಂಗಳು ಆ ಜಮೈಕಾದವಳು ಒಂದು ಅಂತಾರಾಷ್ಟ್ರೀಯ ಕ್ರೀಡಾಕೂಟಕ್ಕೆ ಮೆಲ್ಬರ್ನ್‌ಗೇ ಬಂದಳು. ಸ್ಟೇಡಿಯಂನ ತುತ್ತತುದಿಯಲ್ಲಿ ಕೂತು ನೋಡಿದೆವು. ಹೆಬ್ಬೆರಳಿನಷ್ಟು ಕಂಡಳು. ಎಡಗೈಯಲ್ಲಿ ತಗೊಂಡಳು, ಎಡಗೈಯಲ್ಲಿ ಕೊಟ್ಟಳು. ಮೆಡಲ್ ಫೋಟೋದಲ್ಲಿ ಅಂಚಿಗೆ ನಿಂತಳು.

‘ಪೈಪ್ ಕೊಡೋಕೆ ಅಷ್ಟು ದೂರದಿಂದ ಬಂದ್ಳಾ?’ ಎಂದು ನಾನು ನಕ್ಕೆ. ಸಂದೀಪ ನಗಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದ.

ಈಸ್ಟರ್ ಬಂತು. ಹತ್ತು ಗಂಟೆ ಕಾರಿನಲ್ಲಿ ಕೂತು ಸಿಡ್ನಿಯ ಸ್ಕೋಫೀಲ್ಡ್ಸ್ ಕಡೆಯ ಹುಲ್ಲು ಮೈದಾನ ಸೇರಿದೆವು. ಸಿಡ್ನಿ ಹುಡುಗರಿಗೆ ಒಂದೇ ಬಣ್ಣದ ಟೀಶರ್ಟು, ಮುಳ್ಳಿನ ಶೂ, ಮುಖದ ಮೇಲೆ ಸ್ವಂತ ಮನೆ ಇರುವವರ ಕಳೆ. ಥೂ ಅನ್ನಿಸಿತು. ಅಜ್ಜಿಯ ಮಡಚುವ ಕುರ್ಚಿಯನ್ನು ಅಪ್ಪ ನೆರಳಿದ್ದಲ್ಲಿ ಹಾಕಿದರು. ಆ ನೆರಳು ಬಿದ್ದಿದ್ದು ನಾನು ಸಂದೀಪನಿಗೆ ಕೋಲು ಕೊಡಬೇಕಾದ ಜಾಗದಲ್ಲೇ.

ಎಡಗೈಯಲ್ಲೇ ಕೋಲು ತಗೊಂಡೆ. ಓಡಿದೆ. ನಿಜ ಹೇಳುತ್ತೇನೆ, ಮುಂದಿದ್ದೆ. ಸಂದೀಪ ಬಲಗೈ ಹಿಂದಕ್ಕೆ ಚಾಚಿ ಓಡಲು ಶುರುಮಾಡಿದ್ದ. ಆಗ ಕುರ್ಚಿ ಕಂಡಿತು, ಅಜ್ಜಿ ಕಂಡರು, ತೊಡೆಯ ಮೇಲಿನ ಡಬ್ಬಿಯೂ ಕಂಡಿತು. ನನ್ನನ್ನು ಕೇಳದೆಯೇ ನನ್ನ ಎಡಗೈ ಕೋಲನ್ನು ಬಲಗೈಗೆ ದಾಟಿಸಿತು. ಸಂದೀಪನ ಖಾಲಿ ಅಂಗೈಗೆ ನನ್ನ ಮೂಗು ಸಿಕ್ಕಿತು. ಪೈಪು ಹಾರಿ, ಸಿಡ್ನಿಯವನ ಕಾಲಡಿ ನುಸುಳಿ, ಪುಳಿಯೋಗರೆಗೆ ನಿಂತವರ ಸಾಲಿನವರೆಗೂ ಉರುಳಿತು. ಸಿಡ್ನಿಯವನು ಅದನ್ನು ಹಾರಿ ದಾಟಿದ. ಗೆದ್ದ.

ಅಜ್ಜಿ ನಿಧಾನವಾಗಿ ಎದ್ದುಹೋಗಿ ಪೈಪು ಹೆಕ್ಕಿದರು, ಸೆರಗಿನಲ್ಲಿ ಒರೆಸಿದರು, ಬಲಗೈಯಲ್ಲಿ ಮರ್ಯಾದೆಯಿಂದ ನನ್ನ ಮುಂದೆ ಹಿಡಿದರು.

‘ತಕೋ. ಈಗ ಓಡು.’

ಸಂದೀಪ ಹುಲ್ಲಿನ ಮೇಲೆ ಬೋರಲು ಮಲಗಿದ್ದ. ವಾಪಸು ಬರುವಾಗ ಹತ್ತು ಗಂಟೆಯೂ ಕಿಟಕಿಯ ಜೊತೆ ಮಾತ್ರ ಸ್ನೇಹ ಮಾಡಿದ.

ಕೆಲವು ತಿಂಗಳ ನಂತರ ಆ ಜಮೈಕಾದವಳು ಓಟ ನಿಲ್ಲಿಸಿದಳು. ಪೇಪರಿನಲ್ಲಿ ಎರಡೇ ಸಾಲು. ‘ಒಂದ್ಸಲಾನೂ ಫಸ್ಟ್ ಬರ್ಲಿಲ್ಲ’ ಎಂದು ನಾನು ಹಲ್ಲು ಕಿರಿದೆ. ಆರು ವರ್ಷ ಒಮ್ಮೆಯೂ ಕೋಲು ಬೀಳಿಸದವಳನ್ನು ನೋಡಿ, ಒಂದೇ ಸಲ ಓಡಿ ಬೀಳಿಸಿದವನ ನಗು. ಆ ಹುಡುಗ ಈಗ ಸಿಕ್ಕರೆ ಇನ್ನೊಮ್ಮೆ ಮೂಗಿಗೇ ಕೊಡುತ್ತೇನೆ.

ಕಳೆದ ತಿಂಗಳು ಬಾಕ್ಸ್ ಹಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಸಂದೀಪನ ಮಗಳ ಬರ್ತ್‌ಡೇ. ನನ್ನ ಬಲಗೈಯಲ್ಲಿ ಫೋನಿತ್ತು. ಅಂಗಡಿಯಿಂದ ತಂದ, ಯಾವ ಪರಿಮಳವೂ ಇಲ್ಲದ ಗೋಳಿಬಜೆಯ ತಟ್ಟೆಯನ್ನು ಎಡಗೈಯಲ್ಲೇ ಅವನಿಗೆ ದಾಟಿಸಿದೆ. ಅವನು ಬಲಗೈಯಲ್ಲಿ ಹಿಡಿದ. ಚೂರೂ ಅಲುಗಲಿಲ್ಲ.

‘ಈಗ ಕೊಡ್ತೀಯಾ, ಪಾರ್ಸೆಲ್?’ ಅಂದ.

ಎಡಗೈಗೆ ಅಜ್ಜಿಯ ಬೈಗುಳ ಬರುತ್ತದೆಂದು ನಾನು ಕತ್ತು ತಿರುಗಿಸಿದೆ. ಅಜ್ಜಿ ಹೋಗಿ ಆರು ವರ್ಷ. ಕೋಣೆಯಲ್ಲಿ ಅಷ್ಟು ಜನರಿದ್ದರು. ಯಾವ ಕೈಯಲ್ಲಿ ಕೊಟ್ಟೆನೆಂದು ಒಬ್ಬರೂ ನೋಡಿರಲಿಲ್ಲ.